ಅತ್ತೆ ಮೆಚ್ಚದ ನೀಲ

ನನ್ನ ಅತ್ತೆ ಈವರೆಗೆ ಯಾರ ಮುಖವನ್ನೂ ಸರಿಯಾಗಿ ನೋಡಿಲ್ಲ ಎಂದರೆ ನೀವು ನಂಬಲಿಕ್ಕಿಲ್ಲ. ಮನೆಗೆ ಯಾರೇ ಬರಲಿ, ಅವರ ದೃಷ್ಟಿ ಮೊದಲು ಹೋಗುವುದು ಬಂದವರ ಬೆರಳಿಗೆ. ಆಮೇಲೆ ಕಿವಿ, ಮೂಗು, ಕುತ್ತಿಗೆ. ಅಷ್ಟರಲ್ಲಿ ಬಂದವರು ಕಾಫಿ ಕುಡಿದು ಎದ್ದಿರುತ್ತಾರೆ, ಮುಖ ನೋಡುವುದು ಬಾಕಿ ಉಳಿದುಬಿಡುತ್ತದೆ. "ನಿನ್ನೆ ಬಂದವರು ಯಾರು ಅತ್ತೆ?" ಎಂದು ಕೇಳಿದರೆ, "ಅವಳೇ ಮಾರಾಯ್ತಿ, ಚಪ್ಪಟೆ ಪುಷ್ಯರಾಗ" ಎನ್ನುತ್ತಾರೆ. ನಮ್ಮ ಬಳಗದಲ್ಲಿ ಹೀಗೆ ಚಪ್ಪಟೆ ಪುಷ್ಯರಾಗ, ಬಿರುಕು ಹವಳ, ಗಾಜಿನ ಪಚ್ಚೆ ಎಂಬ ಹೆಸರಿನ ಗಣ್ಯರು ಬಹಳ ಮಂದಿ ಇದ್ದಾರೆ. ಅವರಿಗೆ ಇದು ಗೊತ್ತಿಲ್ಲ. ನೀವೂ ಹೇಳಲು ಹೋಗಬೇಡಿ.

ಅತ್ತೆ ಎಂದರೆ ಇಲ್ಲಿ ಗಂಡನ ತಾಯಿಯಲ್ಲ, ಅಪ್ಪನ ತಂಗಿ. (ಗಂಡನ ತಾಯಿಯ ಬಗ್ಗೆ ಬರೆಯುವ ಧೈರ್ಯ ನನಗಿನ್ನೂ ಬಂದಿಲ್ಲ.) ವಯಸ್ಸು ಎಪ್ಪತ್ತೊಂದು. ಮದುವೆ ಮಾಡಿಕೊಳ್ಳಲಿಲ್ಲ. ಮಾಟುಂಗದ ಹಳೆಯ ಬಿಲ್ಡಿಂಗ್ ಒಂದರ ಎರಡನೇ ಮಾಳಿಗೆಯಲ್ಲಿ ಒಂದು ಕೋಣೆ, ಒಂದು ಅಡುಗೆಮನೆ, ಉತ್ತರಕ್ಕೆ ತೆರೆಯುವ ಒಂದು ಕಿಟಕಿ. ಆ ಕಿಟಕಿಗಾಗಿಯೇ ಮನೆ ಹಿಡಿದದ್ದು. ಬಣ್ಣದ ಕಲ್ಲನ್ನು ಉತ್ತರದ ಬೆಳಕಿನಲ್ಲೇ ನೋಡಬೇಕಂತೆ, ಉಳಿದ ದಿಕ್ಕಿನ ಬೆಳಕು ಸುಳ್ಳು ಹೇಳುತ್ತದಂತೆ. ನೀರು ಬರುತ್ತದೆಯೋ ಇಲ್ಲವೋ ಎಂದು ಅವರು ವಿಚಾರಿಸಿದ್ದು ಮನೆಗೆ ಬಂದ ಮೂರನೇ ದಿನ.

ಅತ್ತೆ ಮುಂಬಯಿಗೆ ಬಂದದ್ದು ಹತ್ತೊಂಬತ್ತರ ಪ್ರಾಯದಲ್ಲಿ, ಅಣ್ಣನ ಮನೆಗೆ, ಅಂದರೆ ನಮ್ಮ ಮನೆಗೆ. ಅಪ್ಪ ಆಗ ಮಾಟುಂಗದ ಒಂದು ಹೋಟೆಲಿನಲ್ಲಿ ಮ್ಯಾನೇಜರು. ಉಡುಪಿ ಕಡೆಯಿಂದ ಇಲ್ಲಿಗೆ ಬಂದವರು ಒಂದಲ್ಲ ಒಂದು ಹೋಟೆಲಿಗೆ ಅಂಟಿಕೊಳ್ಳುವುದು ವಾಡಿಕೆ. ಅತ್ತೆ ಕಲ್ಲಿಗೆ ಅಂಟಿಕೊಂಡರು. ಅಂಧೇರಿಯ ಒಂದು ಆಭರಣ ಕಾರ್ಖಾನೆಯಲ್ಲಿ ಬಣ್ಣದ ಕಲ್ಲು ವಿಂಗಡಿಸಲು ಚುರುಕು ಕಣ್ಣಿನ ಹುಡುಗಿಯರು ಬೇಕಾಗಿದ್ದಾರೆ ಎಂದು ಪಕ್ಕದ ಮನೆಯವರು ಹೇಳಿದರಂತೆ. ಅತ್ತೆ ಹೋದರು. ಸೂಪರ್‌ವೈಸರ್ ಬಿಳಿ ಕಾಗದದ ಮೇಲೆ ಒಂದು ಹಿಡಿ ಕೆಂಪು ಕಲ್ಲು ಸುರಿದು, ಬಣ್ಣ ನೋಡಿ ಐದು ಗುಡ್ಡೆ ಮಾಡು ಎಂದ. ಅತ್ತೆ ಏಳು ಗುಡ್ಡೆ ಮಾಡಿದರು.

"ನಾನು ಐದು ಅಂದೆ" ಎಂದ ಅವನು.

"ಇರುವುದು ಏಳು. ನಿಮಗೆ ಐದೇ ಕಾಣುವುದಾದರೆ ಉಳಿದದ್ದನ್ನು ನೀವೇ ಕಲಸಿಕೊಳ್ಳಿ."

ಈ ಮಾತನ್ನು ಅವರು ಆಗಷ್ಟೇ ಕಲಿತ ಹಿಂದಿಯಲ್ಲಿ ಹೇಳಿದ್ದರಿಂದ ಅವನಿಗೆ ಪೂರ್ತಿ ಅರ್ಥವಾಗಲಿಲ್ಲ, ಅದೇ ಒಳ್ಳೆಯದಾಯಿತು. ಕೆಲಸ ಸಿಕ್ಕಿತು. ಮೂವತ್ತೆಂಟು ವರ್ಷದ ಮೇಲೆ ನಿವೃತ್ತರಾಗುವಾಗ ಅತ್ತೆ ಆ ವಿಭಾಗಕ್ಕೆ ಮುಖ್ಯಸ್ಥೆ. ಅಲ್ಲಿನ ಹುಡುಗಿಯರೆಲ್ಲ ಏಳು ಗುಡ್ಡೆ ಮಾಡುವವರೇ.

ಇಂಥವರಿಗೆ ಇಷ್ಟಾನಿಷ್ಟಗಳು ಇಲ್ಲದಿರುತ್ತವೆಯೇ? ನಮಗೆ ನಿಮಗೆ ಕಲ್ಲು ಎಂದರೆ ಕೆಂಪು, ಹಸಿರು, ನೀಲಿ. ಅತ್ತೆಗೆ ಹಾಗಲ್ಲ. ಮಾಣಿಕ್ಯದ ಕೆಂಪು ಪಾರಿವಾಳದ ರಕ್ತದ ಹಾಗೆ ಇರಬೇಕು ಎಂದು ಕಸುಬಿನವರು ಹೇಳುವುದುಂಟು. ಅದನ್ನು ಕೇಳಿದರೆ ಅವರಿಗೆ ಸಿಟ್ಟು. "ಪಾರಿವಾಳ ಕಕ್ಕಸು ಮಾಡಿದ್ದು ಮುಂಬಯಿಯಲ್ಲಿ ಎಲ್ಲರೂ ನೋಡಿದ್ದಾರೆ, ರಕ್ತ ಯಾರು ನೋಡಿದ್ದಾರೆ?" ಅವರ ಅಳತೆಗೋಲು ಪುನರ್ಪುಳಿ (ಇಲ್ಲಿನವರ ಕೋಕಂ) ಶರಬತ್ತು. ಲೋಟ ಎತ್ತಿ ಕಿಟಕಿಯ ಬೆಳಕಿಗೆ ಹಿಡಿದರೆ ಅಂಚಿನಲ್ಲಿ ಕಾಣುವ ಕೆಂಪು ಯಾವ ಕಲ್ಲಿನಲ್ಲಿ ಇದೆಯೋ ಅದು ಅವರಿಗೆ ಉತ್ತಮ. ಅಂಗಡಿಗಳಲ್ಲಿ ಈಗ ಧಾರಾಳ ಸಿಗುವ ತೆಳು ನೀಲಿ ಟೋಪಾಜ್ ಅವರ ಪ್ರಕಾರ ಪ್ಲಾಸ್ಟಿಕ್ ಬಕೆಟ್ಟಿನ ಬಣ್ಣ. ನಮ್ಮ ಬಿಲ್ಡಿಂಗಿನ ಒಬ್ಬರು ಅದನ್ನು ಹಾಕಿಕೊಂಡು ಬಂದು ಹೇಗಿದೆ ಎಂದು ಕೇಳಿದಾಗ ಅತ್ತೆ ಬಾಯಿ ತೆರೆಯದೆ ಸ್ನಾನದ ಮನೆಯ ಕಡೆ ನೋಡಿದರು. ಸದ್ಯ, ಅವರಿಗೆ ಗೊತ್ತಾಗಲಿಲ್ಲ.

ಪಚ್ಚೆಯ ವಿಷಯದಲ್ಲಿ ಮಾತ್ರ ಉದಾರಿ. ಒಳಗೆ ಒಂದಿಷ್ಟು ನೂಲಿನಂಥ ಗೆರೆ, ಮೋಡ, ಕಸ ಇದ್ದರೇ ಅವರಿಗೆ ಸಮಾಧಾನ. ಕಳಂಕವಿಲ್ಲದ ಪಚ್ಚೆ ಕಂಡರೆ, ದುರಭ್ಯಾಸವೇ ಇಲ್ಲದ ವರ ಬಂದ ಹಾಗೆ ಹುಬ್ಬು ಏರಿಸುತ್ತಾರೆ.

ಇನ್ನು ಕಟ್. ಒಂದೇ ಬಣ್ಣದ ಎರಡು ಕಲ್ಲನ್ನು ಒಬ್ಬ ಕೊಂದು ಇನ್ನೊಬ್ಬ ಬದುಕಿಸಬಹುದು, ಎಲ್ಲ ಕತ್ತರಿಸುವವನ ಕೈಯಲ್ಲಿದೆ ಎಂಬುದು ಅವರ ನಂಬಿಕೆ. ಮೆಟ್ಟಿಲು ಕಟ್ ಇಷ್ಟ. ಉದ್ದನೆಯ ಚೌಕ, ಸುತ್ತ ಇಳಿಯುತ್ತ ಹೋಗುವ ಮೆಟ್ಟಿಲು, ದೇವಸ್ಥಾನದ ಕೆರೆಗೆ ಇಳಿದ ಹಾಗೆ ಕಣ್ಣು ತಾನಾಗಿ ತಳಕ್ಕೆ ಹೋಗುತ್ತದೆ ಎನ್ನುತ್ತಾರೆ. ನೂರು ಮುಖದ ಗುಂಡು ಕಟ್ ಕಂಡರೆ, "ಇದು ಮಾತಾಡುವುದು ಜಾಸ್ತಿ." ಎರಡೂ ತುದಿ ಚೂಪಾದ ದೋಣಿ ಕಟ್, "ಸೀರೆ ಹರಿಯಲಿಕ್ಕೆ." ಹನಿಯ ಆಕಾರದ್ದು, "ಅಳುಬುರುಕರಿಗೆ." ಹೃದಯದ ಆಕಾರದ್ದು ಕಂಡರಂತೂ ಅವರು ಜಾಗ ಬಿಟ್ಟು ಎದ್ದು ಹೋಗುತ್ತಾರೆ. "ಕಲ್ಲಿಗೆ ಹೃದಯ ಇಲ್ಲ ಮಗಾ. ಅದರ ದೊಡ್ಡ ಗುಣವೇ ಅದು. ಅದನ್ನೂ ಕೆಡಿಸಿದರು."

ಅವರ ಕಸುಬಿನಲ್ಲಿ ಕಿಟಕಿ ಎಂಬ ಒಂದು ಮಾತಿದೆ. ಕಲ್ಲನ್ನು ತೀರಾ ತೆಳ್ಳಗೆ ಕತ್ತರಿಸಿದರೆ ಒಳಗೆ ಹೊಕ್ಕ ಬೆಳಕು ತಿರುಗಿ ಬರುವುದಿಲ್ಲ, ಆಚೆ ಬದಿಯಿಂದ ಹೊರಟುಹೋಗುತ್ತದೆ. ನಟ್ಟನಡುವೆ ಖಾಲಿ ಗಾಜಿನ ಹಾಗೆ ಕಾಣುತ್ತದೆ. ಅದೇ ಕಿಟಕಿ. ಅತ್ತೆ ಇದನ್ನು ಮನುಷ್ಯರಿಗೂ ಅನ್ವಯಿಸಿದರು. ನನ್ನನ್ನು ನೋಡಲು ವರ ಬಂದು ಹೋದ ಸಂಜೆ ಅಪ್ಪ ಅವರ ಅಭಿಪ್ರಾಯ ಕೇಳಿದರು. ಅತ್ತೆ ಸ್ವಲ್ಪ ಯೋಚಿಸಿ, "ಬಣ್ಣ ಸಾಧಾರಣ. ಒಳಗೆ ಸ್ವಲ್ಪ ಕಸ ಉಂಟು. ಆದರೆ ಕಿಟಕಿ ಇಲ್ಲ. ಕೊಡಬಹುದು" ಎಂದರು. ಮದುವೆಯಾಗಿ ಇಪ್ಪತ್ತೇಳು ವರ್ಷವಾಯಿತು. ಆ ಕಸ ಯಾವುದು ಎಂದು ನನ್ನ ಗಂಡ ಇನ್ನೂ ಕೇಳುತ್ತಲೇ ಇದ್ದಾರೆ.

ದಾದರಿನಿಂದ ಅಂಧೇರಿಗೆ ಹೋಗುವ ಲೋಕಲಿನ ಲೇಡೀಸ್ ಡಬ್ಬಾದಲ್ಲಿ ಅತ್ತೆ ಒಂದು ಕಾಲಕ್ಕೆ ಪ್ರಸಿದ್ಧರು. ಎದುರು ಕೂತ ಹೆಂಗಸಿನ ಉಂಗುರ ನೋಡಿ, ಕೇಳದೆಯೇ, "ಇದು ಬೇಯಿಸಿದ ಕಲ್ಲು" ಎಂದೊಮ್ಮೆ ಹೇಳಿಬಿಟ್ಟರು. ಬಣ್ಣ ಏರಿಸಲು ಕಲ್ಲನ್ನು ಕಾಯಿಸುವುದುಂಟು, ಅದನ್ನು ಹೇಳಿದ್ದು. ಆ ಹೆಂಗಸು ಜಗಳಕ್ಕೆ ಬಂದಳು, ನಾಲ್ಕು ದಿನ ಬಿಟ್ಟು ಅದೇ ಹೆಂಗಸು ತನ್ನ ಅತ್ತಿಗೆಯ ಓಲೆ ಗಂಟು ಕಟ್ಟಿಕೊಂಡು ತೋರಿಸಲು ಬಂದಳು. ಆಮೇಲೆ ಡಬ್ಬಾ ಎರಡು ಪಕ್ಷವಾಯಿತು. ಅರ್ಧ ಜನ ಅತ್ತೆಯ ಮುಂದೆ ಕೈ ಚಾಚುತ್ತಿದ್ದರು, ಅರ್ಧ ಜನ ಸೆರಗಿನೊಳಗೆ ಕೈ ಅಡಗಿಸುತ್ತಿದ್ದರು. ಆ ನೂಕುನುಗ್ಗಲಿನಲ್ಲೂ ಅವರಿಗೆ ಕೂರಲು ಜಾಗ ಸಿಗುತ್ತಿತ್ತು, ಭಕ್ತಿಯಿಂದಲೋ ಭಯದಿಂದಲೋ ಹೇಳಲಾರೆ.

ಜ್ಯೋತಿಷಿಗಳೊಂದಿಗೆ ಮಾತ್ರ ಅವರದು ಬಹಿರಂಗ ಯುದ್ಧ. ನನ್ನ ಗಂಡನಿಗೆ ಬಡ್ತಿ ತಡವಾದಾಗ ಪರಿಚಯದ ಜೋಯಿಸರೊಬ್ಬರು ನಡುಬೆರಳಿಗೆ ನೀಲ ಹಾಕಿಸಿ, ಶನಿ ಪ್ರಸನ್ನನಾಗುತ್ತಾನೆ ಎಂದರು. ಅತ್ತೆ ಅಲ್ಲೇ ಇದ್ದರು.

"ಶನಿಗೆ ಯಾವ ಕಟ್ ಇಷ್ಟ?" ಎಂದು ಕೇಳಿದರು.

"ಕಟ್ಟಿನದೆಲ್ಲ ಶಾಸ್ತ್ರದಲ್ಲಿ ಇಲ್ಲಮ್ಮ."

"ಹಾಗಾದರೆ ಅವನಿಗೆ ಕಲ್ಲಿನ ಬಗ್ಗೆ ಗೊತ್ತಿಲ್ಲ, ಬಿಡಿ."

ನವರತ್ನಗಳ ಪಟ್ಟಿಯಲ್ಲಿ ಹೆಸರಿಲ್ಲದ ಕೆಂಪು ಸ್ಪಿನೆಲ್ ಕಲ್ಲೇ ಅವರಿಗೆ ಪ್ರಿಯವಾಗಲು ಇದೂ ಒಂದು ಕಾರಣ. ಅದು ಯಾವ ಗ್ರಹಕ್ಕೂ ಸೇರಿದ್ದಲ್ಲ, ತನ್ನ ಪಾಡಿಗೆ ತಾನು ಚಂದ ಇದೆ ಎನ್ನುತ್ತಾರೆ.

ಹೀಗೆ ನಮ್ಮೆಲ್ಲರ ಬೆರಳುಗಳನ್ನು ಆಳಿಕೊಂಡಿದ್ದ ಅತ್ತೆ ಕಳೆದ ವರ್ಷ ನನ್ನ ಮಗಳ ಮದುವೆಯನ್ನೇ ನಿಲ್ಲಿಸುವ ಹಂತಕ್ಕೆ ತಂದರು. ಅದನ್ನೇ ಹೇಳಬೇಕೆಂದು ಕೂತದ್ದು ನಾನು.

ನಾವಿರುವುದು ಚೆಂಬೂರಿನಲ್ಲಿ. ಹುಡುಗನ ಮನೆ ಮುಲುಂಡಿನಲ್ಲಿ. ಇಬ್ಬರೂ ಒಂದೇ ಆಫೀಸಿನವರು, ತಾವೇ ಒಪ್ಪಿಕೊಂಡು ನಮಗೆ ತಿಳಿಸಿದವರು. ಹುಡುಗನ ಮನೆಯವರು ವಿಜಯಪುರದ ಕಡೆಯವರು. ಮಾತುಕತೆಗೆಂದು ಒಂದು ಭಾನುವಾರ ನಾವು ಮೂವರು ಮತ್ತು ಅತ್ತೆ ಅಲ್ಲಿಗೆ ಹೋದೆವು. ಶೇಂಗಾ ಹೋಳಿಗೆ ತಿಂದಾಯಿತು, ತಾರೀಖಿನ ಮಾತಾಯಿತು. ಎಲ್ಲ ಸರಿಯಾಗಿಯೇ ನಡೆಯುತ್ತಿತ್ತು. ಆಗ ಹುಡುಗನ ತಾಯಿ ಒಂದು ಪುಟ್ಟ ಡಬ್ಬಿ ತಂದರು.

"ಇದು ನಮ್ಮ ಅತ್ತಿಯವರ ಉಂಗುರ ರೀ. ಮಾವನವರು ಮಾಡಿಸಿ ಕೊಟ್ಟಿದ್ದು. ಮೊಮ್ಮಗನ ಹೆಂಡತಿಗೆ ಇದನ್ನ ಹಾಕಬೇಕಂತ ಅವರ ಆಸೆ ಐತಿ."

ಹುಡುಗನ ಅಜ್ಜಿ ಮೂಲೆಯ ಕುರ್ಚಿಯಲ್ಲಿ ಕೂತು ಮುಗುಳ್ನಗುತ್ತಿದ್ದರು. ಡಬ್ಬಿಯೊಳಗೆ ನೀಲದ ಉಂಗುರ. ಅತ್ತೆ ಸುಮ್ಮನಿರುತ್ತಾರೆಯೇ? ಬ್ಯಾಗಿನಿಂದ ಪುಟ್ಟ ಭೂತಗನ್ನಡಿ ತೆಗೆದು ಬಾಲ್ಕನಿಯ ಬಾಗಿಲಿಗೆ ಹೋದರು. ನನ್ನ ಗಂಡ ನನ್ನ ಕಡೆ ನೋಡಿದರು. ನಾನು ನೆಲ ನೋಡಿದೆ.

"ಕಟ್ ಚಂದ ಉಂಟು" ಎಂದರು ಅತ್ತೆ. "ಹಳೆ ಕಾಲದ ದಿಂಬು ಕಟ್, ಕೈಯಲ್ಲೇ ಮಾಡಿದ್ದು. ಈಗ ಹೀಗೆ ಯಾರೂ ಮಾಡುವುದಿಲ್ಲ."

ನಾವೆಲ್ಲ ಉಸಿರು ಬಿಟ್ಟೆವು.

"ಆದರೆ ಬಣ್ಣ ಸತ್ತಿದೆ. ಸಿಮೆಂಟ್ ಕಲಸಿದ ನೀರಿನ ಹಾಗೆ. ಇದನ್ನು ಹುಡುಗಿಗೆ ಹಾಕಬೇಡಿ."

ಹುಡುಗನ ಅಜ್ಜ ಗೌಂಡಿ ಕೆಲಸಕ್ಕೆಂದು ಮುಂಬಯಿಗೆ ಬಂದವರು. ಈ ಶಹರದ ಎಷ್ಟೋ ಬಿಲ್ಡಿಂಗುಗಳಿಗೆ ಸಿಮೆಂಟು ಕಲಸಿ, ಇಟ್ಟಿಗೆ ಹೊತ್ತು, ಕೊನೆಗೆ ಮೇಸ್ತ್ರಿಯಾಗಿ ಮನೆ ಮಾಡಿದವರು. ಇದು ನನಗೆ ಗೊತ್ತಿತ್ತು, ಅತ್ತೆಗೆ ಗೊತ್ತಿರಲಿಲ್ಲ. ಆದರೆ ಗೊತ್ತಿಲ್ಲದೆ ಹೇಳಿದ್ದು ಎಂದು ಆ ಮನೆಯವರು ಹೇಗೆ ನಂಬಬೇಕು?

"ಹೌದ್ರಿ, ನಮ್ಮ ಮಾವನವರು ಸಿಮೆಂಟ ಕಲಸಿದವರ" ಎಂದರು ಹುಡುಗನ ತಾಯಿ, ದನಿ ಏರಿಸದೆ. "ಸಿಮೆಂಟ ಕಲಸಿನ ನಮ್ಮನ್ನ ಬೆಳಿಸ್ಯಾರ."

ಅಜ್ಜಿ ಕೈ ಚಾಚಿ ಉಂಗುರ ಇಸಿದುಕೊಂಡರು, ತಮ್ಮ ಬೆರಳಿಗೆ ಹಾಕಿ ಒಂದು ಕ್ಷಣ ನೋಡಿದರು, ಮುಷ್ಟಿ ಮುಚ್ಚಿದರು.

ವಾಪಸು ಬರುವಾಗ ಕುರ್ಲಾದಲ್ಲಿ ನನ್ನ ಮಗಳು ತನ್ನ ಮುಂಬಯಿ ಕನ್ನಡದಲ್ಲಿ ಶುರು ಮಾಡಿದಳು. "ಮಾಟುಂಗ ಅಜ್ಜಿ, ನೀವು ಜಾನ್‌ಬೂಝ್‌ಕರ್, ಬೇಕಂತಲೇ ಹಾಗೆ ಹೇಳಿದ್ರಿ."

"ಇದ್ದದ್ದು ಹೇಳಿದೆ."

"ಅದು ನೀಲಿ ಇತ್ತು. ಏಕ್‌ದಮ್ ನೀಲಿ. ಎಲ್ಲರಿಗೂ ಕಾಣ್ತಿತ್ತು."

"ನಿನಗೆ ಎಂತ ಗೊತ್ತು?"

ನಿಜ ಹೇಳಬೇಕೆಂದರೆ ನನಗೂ ಅದು ನೀಲಿಯಾಗಿಯೇ ಕಂಡಿತ್ತು. ಆದರೆ ನಲವತ್ತು ವರ್ಷ ಅತ್ತೆಯ ಕಣ್ಣನ್ನು ನಂಬಿದವಳು ನಾನು. ನನ್ನ ಕಣ್ಣಿನಲ್ಲೇ ಏನೋ ಐಬು ಇರಬೇಕೆಂದು ಸುಮ್ಮನಾಗಿದ್ದೆ.

ವಾರದ ಮೇಲೆ ಹುಡುಗನ ತಾಯಿಯ ಫೋನು. "ಮದವಿ ನಿಲ್ಲಸೂದಿಲ್ರಿ, ನಿಲ್ಲಸ್ತೀನಂದ್ರ ಹುಡುಗರು ಕೇಳೂದಿಲ್ಲ. ಆದ್ರ ಒಂದ ಮಾತು. ಆ ನಿಮ್ಮ ಅತ್ತಿಯವರು ಮದವಿಗೆ ಬರೂದು ಬ್ಯಾಡ."

ನಾನು ಸರಿ ಎಂದೆ. ಅಮ್ಮ ಕಾಯಿಲೆ ಬಿದ್ದಾಗ ಎರಡು ವರ್ಷ ದಿನಾ ಬೆಳಿಗ್ಗೆ ನನ್ನ ತಲೆ ಬಾಚಿ, ಎರಡು ಜಡೆ ಹೆಣೆದು, ಶಾಲೆಗೆ ಬಿಟ್ಟು ಅಂಧೇರಿಗೆ ಓಡುತ್ತಿದ್ದ ಅತ್ತೆಯನ್ನು ಮದುವೆಗೆ ಕರೆಯುವುದಿಲ್ಲ ಎಂದು ಒಪ್ಪಿಕೊಳ್ಳಲು ನನಗೆ ಅರ್ಧ ನಿಮಿಷವೂ ಬೇಕಾಗಲಿಲ್ಲ. ಫೋನ್ ಇಟ್ಟ ಮೇಲೆ ನಾಚಿಕೆಯಾಯಿತು. ಆದರೆ ಮಗಳ ಮುಖ ನೋಡಿದಾಗ ಬೇರೆ ದಾರಿ ಕಾಣಲಿಲ್ಲ.

ಅತ್ತೆಗೆ ಇದನ್ನು ನಾನೇ ಹೇಳಬೇಕಲ್ಲ? ಮರುದಿನ ಮಾಟುಂಗಕ್ಕೆ ಹೋದೆ. ಮೆಟ್ಟಿಲು ಹತ್ತುವಾಗಲೇ ಅವರ ದನಿ ಕೇಳಿಸುತ್ತಿತ್ತು. ಗೋಡೆಗೆ ಬಣ್ಣ ಹೊಡೆದವನನ್ನು ಕರೆಸಿ ವಿಚಾರಣೆ ನಡೆಸುತ್ತಿದ್ದರು.

"ನೋಡು ಮಗಾ, ಬಿಳಿ ಹೊಡಿ ಅಂದರೆ ತುಪ್ಪದ ಬಣ್ಣ ಹೊಡೆದಿದ್ದಾನೆ. ಕೇಳಿದರೆ ಇದೇ ಬಿಳಿಯಂತೆ."

ನಾನು ಗೋಡೆ ನೋಡಿದೆ. ಬಿಳಿಯಾಗಿತ್ತು. ಪೇಂಟರ್ ನನ್ನ ಕಡೆ ದೈನ್ಯದಿಂದ ನೋಡಿದ.

ಅತ್ತೆ ಮುಂದುವರಿಸಿದರು. "ಇವನೊಬ್ಬನೇ ಅಲ್ಲ. ಹಾಲಿನವನು ಹಾಲಿಗೆ ಎಂತದೋ ಹಾಕುತ್ತಾನೆ, ಹಳದಿ ಬರುತ್ತದೆ. ಆರು ತಿಂಗಳಲ್ಲಿ ಮೂರು ಹಾಲಿನವರನ್ನು ಬಿಡಿಸಿದೆ. ಧೋಬಿ ಸರಿ ಇಲ್ಲ. ಈ ಮುಂಬಯಿಯಲ್ಲಿ ಬಿಳಿ ಎನ್ನುವುದೇ ಮುಗಿದುಹೋಯಿತು."

ಹೆಗಲ ಮೇಲಿದ್ದ ಕಡುನೀಲಿ ದುಪಟ್ಟಾ ತೆಗೆದು ಅವರ ಪ್ರೀತಿಯ ಕಿಟಕಿಯ ಹತ್ತಿರ ಹಿಡಿದೆ. "ಅತ್ತೆ, ಇದು ಯಾವ ಬಣ್ಣ?"

"ಎಂತ ಪರೀಕ್ಷೆಯಾ? ಕಪ್ಪು."

ಹೇಳಲು ಬಂದ ಮಾತು ನನ್ನ ಬಾಯಲ್ಲೇ ಉಳಿಯಿತು. ಪೇಂಟರನನ್ನು ಕಳಿಸಿ, ತಲೆನೋವಿಗೆ ನನ್ನ ಕನ್ನಡಕ ಬದಲಿಸಬೇಕೆಂದು ಸುಳ್ಳು ಹೇಳಿ, ಅತ್ತೆಯನ್ನು ಜೊತೆಗೆ ಕರೆದುಕೊಂಡು ಕಣ್ಣಿನ ಡಾಕ್ಟರಲ್ಲಿಗೆ ಹೋದೆ. ಹೋದ ಮೇಲೆ ಅವರನ್ನೇ ಕುರ್ಚಿಯಲ್ಲಿ ಕೂರಿಸಿದೆ. ಡಾಕ್ಟರಮ್ಮ ಮರಾಠಿಯವರು. ಬೆಳಕು ಬಿಟ್ಟು ನೋಡಿ, "ಆಜಿ, ಎರಡೂ ಕಣ್ಣಲ್ಲಿ ಮೋತಿಬಿಂದು" ಎಂದರು.

"ಮೋತಿಯಾ?" ಅತ್ತೆ ತಲೆ ಅಲ್ಲಾಡಿಸಿದರು. "ಮುತ್ತು ನನ್ನ ಡಿಪಾರ್ಟ್‌ಮೆಂಟ್ ಅಲ್ಲ. ನಾನು ಬರೀ ಕಲ್ಲು."

ಇಲ್ಲಿನವರು ಕಣ್ಣಿನ ಪೊರೆಗೆ ಮೋತಿಬಿಂದು ಎನ್ನುತ್ತಾರೆ ಎಂದು ನಾನು ಬಿಡಿಸಿ ಹೇಳಬೇಕಾಯಿತು. ಡಾಕ್ಟರಮ್ಮ ತಾಳ್ಮೆಯಿಂದ ವಿವರಿಸಿದರು. ಕಣ್ಣೊಳಗಿನ ಮಸೂರ ಹಳದಿಗಟ್ಟಿದೆ, ಹಳದಿ ಗಾಜಿನ ಮೂಲಕ ನೋಡಿದ ಹಾಗೆ. ನೀಲಿ ಒಳಗೆ ಬರುವುದೇ ಇಲ್ಲ. ಮೆಲ್ಲ ಮೆಲ್ಲನೆ ಆಗುವುದರಿಂದ ನೋಡುವವರಿಗೆ ಗೊತ್ತಾಗುವುದಿಲ್ಲ, ನಾಲ್ಕೈದು ವರ್ಷವೇ ಆಗಿರಬಹುದು.

ಹೊರಗೆ ಬೆಂಚಿನಲ್ಲಿ ಅತ್ತೆ ತುಂಬಾ ಹೊತ್ತು ಕೂತರು.

"ನಾಲ್ಕೈದು ವರ್ಷ" ಎಂದರು ಕಡೆಗೆ. "ಎಷ್ಟು ಜನರ ಕಲ್ಲಿಗೆ ಹೆಸರಿಟ್ಟೆ ನಾನು?"

ನಾನು ಅವರ ಕೈ ಹಿಡಿದುಕೊಂಡೆ.

"ಆ ಮುಲುಂಡಿನ ಉಂಗುರ ನೀಲಿ ಇತ್ತಾ?"

"ಇತ್ತು ಅತ್ತೆ."

"ಎಂಥ ನೀಲಿ?"

"ನೀಲಿ ಅಂದರೆ... ನೀಲಿ ನೀಲಿ."

"ಇಷ್ಟು ವರ್ಷ ನನ್ನ ಜೊತೆ ಇದ್ದು ಇದನ್ನೇ ಕಲಿತದ್ದಾ ನೀನು?" ಎಂದು ಕೈ ಬಿಡಿಸಿಕೊಂಡು ಎದ್ದರು. ನನಗೆ ಜೀವ ಬಂದಂತಾಯಿತು. ಅತ್ತೆ ಪೂರ್ತಿ ಕುಸಿದಿರಲಿಲ್ಲ.

ಮೊದಲು ಬಲಗಣ್ಣಿನ ಆಪರೇಷನ್ ಆಯಿತು. ಎಡಗಣ್ಣಿಗೆ ಇನ್ನೂ ಒಂದು ತಿಂಗಳು ಕಾಯಬೇಕಿತ್ತು. ಆ ತಿಂಗಳಷ್ಟು ಅತ್ತೆ ಜೀವಮಾನದಲ್ಲಿ ಯಾವಾಗಲೂ ಸಂತೋಷಪಟ್ಟಿರಲಿಕ್ಕಿಲ್ಲ. ಒಂದು ಕಣ್ಣಿನಲ್ಲಿ ಹೊಸ ಲೋಕ, ಇನ್ನೊಂದರಲ್ಲಿ ಹಳೆಯದು. ಒಂದನ್ನು ಮುಚ್ಚಿ ಇನ್ನೊಂದನ್ನು ತೆರೆದು ದಿನವಿಡೀ ಹೋಲಿಸಿ ನೋಡುವುದೇ ಕೆಲಸ. ಮಾರ್ಕೆಟ್ಟಿನಲ್ಲಿ ಬದನೆಕಾಯಿ ಗುಡ್ಡೆಯ ಮುಂದೆ ನಿಂತು ಹತ್ತು ನಿಮಿಷ ಹೀಗೆ ಕಣ್ಣು ಮಿಟುಕಿಸಿದರಂತೆ. ಮಾರುವ ಭಯ್ಯಾ ಗಾಬರಿಯಾಗಿ, "ಮಾಜೀ, ನಾನು ಹೆಂಡತಿ ಮಕ್ಕಳಿರುವವನು" ಎಂದು ಹಿಂದಿಯಲ್ಲಿ ಬೇಡಿಕೊಂಡನಂತೆ. ಬಿಡಿಸಿದ ಮೂರೂ ಹಾಲಿನವರ ಹತ್ತಿರ ಹೋಗಿ, "ನಿಮ್ಮ ಹಾಲು ಬಿಳಿ" ಎಂದು ಹೇಳಿ ಬಂದರು. ಪೇಂಟರನಿಗೆ ಊಟ ಹಾಕಿದರು. ಆಮೇಲೆ ಒಂದು ಬೆಳಿಗ್ಗೆ ನನಗೆ ಫೋನ್ ಮಾಡಿ, "ಮುಲುಂಡಿಗೆ ಹೋಗಬೇಕು" ಎಂದರು.

ಇನ್ನು ಮುಚ್ಚಿಡುವುದು ಸಾಧ್ಯವಿರಲಿಲ್ಲ. ಹುಡುಗನ ತಾಯಿ ಹೇಳಿದ್ದನ್ನೂ ನಾನು ಒಪ್ಪಿಕೊಂಡದ್ದನ್ನೂ ಹೇಳಿದೆ.

"ಸರಿಯಾಗಿಯೇ ಹೇಳಿದ್ದಾರೆ. ನೀನೂ ಸರಿಯೇ. ಆದರೆ ನಾನು ಹೋಗುವುದು ಮದುವೆಗಲ್ಲ, ಅವರ ಮನೆಗೆ. ನೀನು ಬಾ."

ಬಾಗಿಲು ತೆರೆದದ್ದು ಹುಡುಗನ ತಾಯಿಯೇ. ಅತ್ತೆ ಹೊಸ್ತಿಲ ಹೊರಗೇ ನಿಂತು ಹೇಳಿದರು. "ನಾನು ತಪ್ಪು ಹೇಳಿದೆ ಅಮ್ಮ. ನನ್ನ ಕಣ್ಣಲ್ಲಿ ಪೊರೆ ಬಂದಿತ್ತು, ನನಗೆ ಗೊತ್ತಿರಲಿಲ್ಲ. ನಿಮ್ಮ ಮಾವನವರ ಕೆಲಸವೂ ಗೊತ್ತಿರಲಿಲ್ಲ. ಗೊತ್ತಿಲ್ಲದೆ ಹೇಳಿದರೂ ನೋವು ನೋವೇ. ಒಂದು ಸಲ ಆ ಕಲ್ಲು ತೋರಿಸಿ. ಸರಿಯಾಗಿ ನೋಡಿ ಸರಿಯಾದ ಮಾತು ಹೇಳಿ ಹೋಗುತ್ತೇನೆ. ಮದುವೆಗೆ ಬರುವುದಿಲ್ಲ."

ಅವರು ಅತ್ತೆಯ ಕಪ್ಪು ಕನ್ನಡಕವನ್ನು ನೋಡಿದರು. "ಒಳಗ ಬರ್ರಿ ಮೊದಲ" ಎಂದರು.

ಉಂಗುರ ಅಜ್ಜಿಯ ಬೆರಳಿನಲ್ಲೇ ಇತ್ತು. ಅವರು ತೆಗೆದುಕೊಟ್ಟರು. ಅತ್ತೆ ಬಾಲ್ಕನಿಗೆ ಹೋಗಿ, ಎಡಗಣ್ಣು ಮುಚ್ಚಿ, ಬಲಗಣ್ಣಿಗೆ ಭೂತಗನ್ನಡಿ ಹಿಡಿದರು. ಒಂದು ನಿಮಿಷವಾಯಿತು, ಎರಡಾಯಿತು. ಹುಡುಗನ ತಾಯಿ ಸೆರಗಿನ ತುದಿ ತಿರುಚುತ್ತ ನಿಂತಿದ್ದರು.

"ನನ್ನ ಕೈಯಲ್ಲಿ ಲೆಕ್ಕವಿಲ್ಲದಷ್ಟು ನೀಲ ಹೋಗಿದೆ" ಎಂದರು ಅತ್ತೆ. "ಒಳ್ಳೆಯದು ಅನ್ನಬಹುದಾದ್ದು ಹತ್ತೋ ಹನ್ನೆರಡೋ. ಅದರಲ್ಲಿ ಇದನ್ನೂ ಸೇರಿಸುತ್ತೇನೆ. ಆರಿಸಿದವರಿಗೆ ಕಣ್ಣಿತ್ತು."

ಹುಡುಗನ ತಾಯಿಯ ಮುಖ ಸಡಿಲವಾಯಿತು. "ಚಾ ಮಾಡ್ತೀನ್ರಿ" ಎಂದು ಒಳಗೆ ಹೋದವರು ಎರಡೇ ಹೆಜ್ಜೆಗೆ ತಿರುಗಿ, "ಮದವಿಗೆ ನೀವು ಬರಾಕಬೇಕು. ನಾ ಸಿಟ್ಟಿನ್ಯಾಗ ಅಂದಿದ್ದೆ" ಎಂದರು.

ಆಗ ಅಜ್ಜಿ ಮೂಲೆಯಿಂದ ಮಾತಾಡಿದರು. ಅವರ ದನಿ ನಾನು ಕೇಳಿದ್ದು ಅದೇ ಮೊದಲು.

"ನೀ ಅವತ್ತ ಸುಳ್ಳು ಹೇಳಲಿಲ್ಲ ಬಿಡವಾ. ನನಗೂ ಅದು ಸಿಮೆಂಟಿನಂಗ ಕಾಣತೈತಿ."

ಅತ್ತೆ ತಿರುಗಿದರು.

"ಮೊದಲ ಹಂಗಿರಲಿಲ್ಲ. ಅವರು ಹೋದ ಮ್ಯಾಲೆ ಬರಬರತ ಹಿಂಗಾತು. ಅವರ ಸಂಗಟ ಕಲ್ಲಿನ ಬಣ್ಣನೂ ಹೋತು ಅಂತ ತಿಳಕೊಂಡಿದ್ದೆ. ಯಾರ ಮುಂದನೂ ಅಂದಿಲ್ಲ. ನೀ ಅಂದಕೂಡಲೆ, ಅಯ್ಯ, ಇಕಿಗೂ ಕಂಡತಲ್ಲ ಅಂತ ಸುಮ್ಮನಾದೆ."

ಅತ್ತೆ ಅಜ್ಜಿಯ ಮುಂದೆ ನೆಲದ ಮೇಲೆ ಕೂತು, ಗದ್ದ ಹಿಡಿದು ಮುಖವನ್ನು ಬೆಳಕಿಗೆ ತಿರುಗಿಸಿದರು. ಎರಡೂ ಕಣ್ಣ ಪಾಪೆಯ ಮೇಲೆ ಹಾಲಿನ ಕೆನೆಯಂಥ ಬಿಳುಪು. ಮನೆಯವರಿಗೆ ಗೊತ್ತೇ ಇರಲಿಲ್ಲ. ಅಜ್ಜಿ ಗೋಡೆ ಹಿಡಿದು ನಡೆಯುವುದು ಮೊಣಕಾಲು ನೋವಿಗೆ ಎಂದು ಅವರು ತಿಳಿದಿದ್ದರು. ಕಣ್ಣಿಗೆ ಕತ್ತಿ ಹಾಕುತ್ತಾರೆಂಬ ಅಂಜಿಕೆಗೆ ಅಜ್ಜಿ ಬಾಯಿ ಬಿಟ್ಟಿರಲಿಲ್ಲ.

"ಕತ್ತಿ ಎಲ್ಲ ಎಂತದೂ ಇಲ್ಲ ಅಜ್ಜಿ" ಎಂದರು ಅತ್ತೆ. "ಕಾಲು ಗಂಟೆಯ ಕೆಲಸ. ನಾನು ಪಕ್ಕದಲ್ಲೇ ಇರುತ್ತೇನೆ."

ಇದ್ದರು ಕೂಡ. ಆಸ್ಪತ್ರೆಗೆ ಕರೆದುಕೊಂಡು ಹೋದದ್ದು, ಬಾಗಿಲ ತನಕ ಕೈ ಹಿಡಿದದ್ದು, ಎರಡು ತಾಸಿಗೊಮ್ಮೆ ಡ್ರಾಪ್ಸ್ ಹಾಕಿದ್ದು ಎಲ್ಲ ಅತ್ತೆಯೇ. ಆಪರೇಷನ್ನಿನ ಮರುದಿನ ಡಾಕ್ಟರಮ್ಮ ಪಟ್ಟಿ ಬಿಚ್ಚುವಾಗ ನಾವೆಲ್ಲ ಸುತ್ತ ನಿಂತಿದ್ದೆವು. ಅಜ್ಜಿ ಮೆಲ್ಲಗೆ ಕಣ್ಣು ತೆರೆದರು. ಮೊದಲು ಸೊಸೆಯನ್ನು ನೋಡಿ, "ಎಷ್ಟ ಸೊರಗೀಯವಾ ನೀ" ಎಂದರು. ಆಮೇಲೆ ಅತ್ತೆಯ ಕಡೆ ತಿರುಗಿದರು.

"ಅಯ್ಯ, ನೀ ಇಷ್ಟು ಮುದಿಕೇನು? ದನಿ ಕೇಳಿ ನಲವತ್ತಿನಕಿ ಅಂದಕೊಂಡಿದ್ದೆ."

ಎಲ್ಲರೂ ನಕ್ಕರು. ಅತ್ತೆಯೂ ನಕ್ಕರು. ನನ್ನ ಮಗಳು ಅಜ್ಜಿಯ ಕೈಯನ್ನು ಹಿಡಿದು ಕಿಟಕಿಯ ಬೆಳಕಿಗೆ ತಂದಳು. ಅಜ್ಜಿ ಉಂಗುರ ನೋಡಿದರು. ಬೆರಳನ್ನು ಅತ್ತ ಇತ್ತ ತಿರುಗಿಸಿದರು.

"ಸಮುದ್ರದ ಕಡೆ ದೊಡ್ಡ ಬಿಲ್ಡಿಂಗಿನ ಕೆಲಸ ಇತ್ತವರದು" ಎಂದರು ಅಜ್ಜಿ, ಉಂಗುರದ ಮೇಲಿನ ಕಣ್ಣು ತೆಗೆಯದೆ. "ಹದಿನೆಂಟನೇ ಮಾಳಿಗಿ. ಸಂಜೀಕ ಇಳಿಯೂ ಮುಂದ ಮ್ಯಾಲಿಂದ ಸಮುದ್ರ ಒಂದ ನಮೂನಿ ನೀಲಿ ಕಾಣತಿತ್ತಂತ. ಮನಿಗೆ ಬಂದು ದಿನಾ ಹೇಳವರು. ಕಟ್ಟೂ ಬಿಲ್ಡಿಂಗಿನ ಮ್ಯಾಲೆ ನನ್ನ ಹೆಂಗ ಕರಕೊಂಡು ಹೋಗ್ತಾರ? ಅದಕ್ಕ ಈ ಕಲ್ಲು ತಂದರು. ನೋಡ, ಹಿಂಗ ಇರತೈತಿ ಅಂದರು."

ಯಾವ ನೀಲಿಯ ಬಗ್ಗೆಯೂ ಒಂದು ತಾಸು ಮಾತಾಡಬಲ್ಲ ಅತ್ತೆ, ಅಜ್ಜಿಯ ಕೆನ್ನೆ ಒದ್ದೆಯಾಗತೊಡಗಿದ್ದು ಕಂಡು ಅವಸರದಿಂದ ಹತ್ತಿ ತೆಗೆದು ಒತ್ತಿದರು.

"ಅಳಬೇಡಿ ಅಜ್ಜಿ, ಈಗ ಅಳಬಾರದು. ಡಾಕ್ಟ್ರು ಹೇಳಿದ್ದಾರೆ" ಎಂದು ಗದರಿಸಿದರು. ಹಾಗೆ ಗದರಿಸುವಾಗ ಅವರ ಎರಡೂ ಕಣ್ಣಿನಿಂದ, ಹೊಸದರಿಂದಲೂ ಹಳೆಯದರಿಂದಲೂ, ನೀರು ಇಳಿಯುತ್ತಿತ್ತು.